ಸ್ಪಷ್ಟನೆ: ವಿದೇಶಿ ಕಾನೂನು ಪದವಿ ಇದ್ದರೆ ಪರೀಕ್ಷೆ ಬೇಡವೇ?

‘ಆಸ್ಟ್ರೇಲಿಯಾದಲ್ಲಿ ಕಾನೂನು ಮತ್ತು ಅಂತರರಾಷ್ಟ್ರೀಯ ಅಧ್ಯಯನದ ಜೋಡಿ ಪದವಿ ಮುಗಿಸಿ ಬಂದರೆ ಇಲ್ಲಿ ನೇರವಾಗಿ ವಕೀಲಿಕೆ ಮಾಡಬಹುದು, ಪರೀಕ್ಷೆ ಬೇಡ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳು ಪಿಯುಸಿ ನಂತರದ ಜೋಡಿ ಪದವಿಯನ್ನು ಒಪ್ಪುತ್ತವೆ, ನಿಜ. ಆದರೆ ಆ ವಿಶ್ವವಿದ್ಯಾಲಯಕ್ಕೆ ಕೌನ್ಸಿಲ್‌ನ ಮಾನ್ಯತೆ ಇರಬೇಕು. ವಾಪಸ್ ಬಂದವರು ಕೌನ್ಸಿಲ್ ನಡೆಸುವ ಅರ್ಹತಾ ಪರೀಕ್ಷೆಯನ್ನೂ ಪಾಸಾಗಬೇಕು. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಮೇಲೆ. ಅಷ್ಟೇ ಏಕೆ, ಆಸ್ಟ್ರೇಲಿಯಾದಲ್ಲೇ ವಕೀಲರಾಗಲೂ ಪದವಿಯೊಂದೇ ಸಾಲದು, ಪ್ರಾಯೋಗಿಕ ತರಬೇತಿ ಮುಗಿಸಬೇಕು.

ಐದು ವರ್ಷದ ಫೀಸು ಸಣ್ಣ ಮಾತಲ್ಲ ಅಲ್ವಾ? ಕಟ್ಟುವ ಮೊದಲು ಮಾನ್ಯತೆ ವಿಚಾರಿಸಿಕೊಳ್ಳಿ. ಆ ಸಂದೇಶವನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.