ಕೈಗೆ ಕೆಲಸ, ಕಿವಿಗೆ ಮಾತು

ನಿನ್ನೆ ರಾತ್ರಿಯಿಂದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿ ಹೇಳಿಬಿಡುತ್ತೇನೆ.

ಕೊಯ್ಲಿನ ದಿನಗಳು. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತಿದ್ದರು. ದೊಡ್ಡಪ್ಪ ಮೆಟ್ಟುಗತ್ತಿ ಹತ್ತಿ ಕೂತು, ಮೊಬೈಲನ್ನು ಬುಟ್ಟಿಗೆ ಆನಿಸಿಟ್ಟು ಹೆಸರಾಂತ ಅರ್ಥಧಾರಿ ಶೇಣಿಯವರ ಹಳೆಯ ತಾಳಮದ್ದಳೆ ಹಚ್ಚಿದ್ದರು. ನನ್ನ ಪಾಲಿನ ಎರಡು ಬುಟ್ಟಿ ಮುಗಿಸಿ, ಬಾಗಿಲ ಬದಿಯಲ್ಲಿ ನಾನು ಲ್ಯಾಪ್‌ಟಾಪ್ ಬಿಚ್ಚಿದೆ. ಕಿವಿಯಲ್ಲಿ ಪಾಡ್‌ಕಾಸ್ಟು, ಪರದೆಯ ಮೇಲೆ ಪವರ್‌ವಾಶ್ ಸಿಮ್ಯುಲೇಟರ್ ಎಂಬ ವಿಡಿಯೋ ಗೇಮ್. ಐದು ನಿಮಿಷ ಆಗಿರಲಿಲ್ಲ, ದೊಡ್ಡಪ್ಪ ಅಂದರು: "ತಮಾ, ಒಂದೋ ಕೇಳವು, ಒಂದೋ ಆಡವು. ಎರಡೂ ಒಟ್ಟಿಗೆ ಆಗ್ತಿಲ್ಲೆ." ಕೂತವರೆಲ್ಲ ಹೌದು ಹೌದು ಅಂದರು. ಹಾಗೆ ಹೇಳುವಾಗಲೂ ದೊಡ್ಡಪ್ಪನ ಕೈ ನಿಂತಿರಲಿಲ್ಲ, ಶೇಣಿಯವರ ಮಾತೂ ನಿಂತಿರಲಿಲ್ಲ.

ದೊಡ್ಡಪ್ಪನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಎತ್ತಿ ಆಡಿಸಿದವರು. ಸಿಟ್ಟು ಇರುವುದು ಆ ಮಾತಿನ ಮೇಲೆ. ಬೆಂಗಳೂರಲ್ಲಿ ಇದ್ದಾಗ ರೂಮಿನವರು ಇದನ್ನೇ ಹೇಳಿದರು. ಕೆಲಸವನ್ನು ಮನೆಗೇ ತಂದುಕೊಂಡು ಶಿರಸಿಗೆ ವಾಪಸ್ ಬಂದ ಮೇಲೆ ನೆಂಟರು ಹೇಳುತ್ತಿದ್ದಾರೆ. ಎರಡು ದೋಣಿಯ ಮೇಲೆ ಕಾಲು, ಏಕಾಗ್ರತೆ ಇಲ್ಲ, ಈಗಿನವರ ಚಟ. ಕೇಳಿ ಕೇಳಿ ಸಾಕಾಗಿದೆ.

ದೊಡ್ಡಪ್ಪನ ಕೈಯನ್ನು ಒಮ್ಮೆ ನೋಡಬೇಕು ನೀವು. ಬುಟ್ಟಿಗೆ ಕೈ ಹಾಕುತ್ತಾರೆ, ಕಾಯಿಯನ್ನು ಕತ್ತಿಯ ಬಾಯಿಗೆ ಒತ್ತುತ್ತಾರೆ, ಒಂದು ತಿರುವು, ಸಿಪ್ಪೆ ಬಾಯಿ ಬಿಡುತ್ತದೆ, ಅಡಿಕೆ ಆ ಕಡೆ, ಸಿಪ್ಪೆ ಈ ಕಡೆ. ಬೆರಳ ತುದಿಯೆಲ್ಲ ಕಪ್ಪು. ಕಣ್ಣು ಅರ್ಧ ಮುಚ್ಚಿರುತ್ತದೆ. ಆದರೆ ಕೃಷ್ಣ ಸಂಧಾನದಲ್ಲಿ ಕೌರವ ಯಾವ ಮಾತಿಗೆ ಯಾವ ಉತ್ತರ ಕೊಟ್ಟ ಎಂದು ಕೇಳಿ, ಅಕ್ಷರ ಬಿಡದೆ ಹೇಳುತ್ತಾರೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದೆಲ್ಲ ಪದ್ಯ ಮತ್ತು ಮಾತು. ಕಣ್ಣಿಗೂ ಕೈಗೂ ಅದು ಏನನ್ನೂ ಕೇಳುವುದಿಲ್ಲ. ಅಡಿಕೆ ಸುಲಿಯುವ ಕೆಲಸ ಕಿವಿಯನ್ನು ಕೇಳುವುದಿಲ್ಲ. ಎರಡೂ ಕೂಡಿದರೆ ರಾತ್ರಿ ಹನ್ನೊಂದಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಈ ಅಭ್ಯಾಸ ನಾನು ಕಲಿತದ್ದು ಆ ಜಗಲಿಯಲ್ಲೇ, ಬೆಂಗಳೂರಲ್ಲಿ ಅಲ್ಲ.

ನನ್ನ ಆಟದಲ್ಲಿ ಇರುವುದೂ ಅದೇ. 2022ರಲ್ಲಿ ಪೂರ್ತಿ ಬಿಡುಗಡೆಯಾದ ಆಟ, ಇಂಗ್ಲೆಂಡಿನ ಫ್ಯೂಚರ್‌ಲ್ಯಾಬ್ ಮಾಡಿದ್ದು. ಕೈಗೆ ನೀರಿನ ಗನ್ನು ಕೊಡುತ್ತಾರೆ, ಎದುರಿಗೆ ಕೆಸರು ಮೆತ್ತಿದ ಒಂದು ವ್ಯಾನು. ನೀರು ಬಿಟ್ಟ ಕಡೆ ಗೆರೆ ಗೆರೆಯಾಗಿ ಕೊಳೆ ಹೋಗಿ ಒಳಗಿನ ಬಣ್ಣ ಕಾಣುತ್ತದೆ. ಒಂದು ಚಕ್ರ ಪೂರ್ತಿ ಶುಚಿಯಾದರೆ 'ಟಿಂಗ್' ಅಂದು ಮಿಂಚುತ್ತದೆ. ಶತ್ರು ಇಲ್ಲ, ಗಡಿಯಾರ ಇಲ್ಲ. ಆಗಾಗ ಬದಿಯಲ್ಲಿ ಒಂದೆರಡು ಸಾಲಿನ ಮೆಸೇಜು ಬರುತ್ತದೆ, ಓದದಿದ್ದರೆ ನಷ್ಟವಿಲ್ಲ. ಕನ್ನಡ ಪಾಡ್‌ಕಾಸ್ಟು 'ತಲೆ-ಹರಟೆ'ಯ ಒಂದು ಗಂಟೆಯ ಕಂತನ್ನು ಹೀಗೆ ಕೇಳಿದರೆ ಮರುದಿನ ಪೂರ್ತಿ ನೆನಪಿರುತ್ತದೆ. ಸುಮ್ಮನೆ ಮಲಗಿ ಕೇಳಿದರೆ ಹತ್ತನೇ ನಿಮಿಷಕ್ಕೆ ಮನಸ್ಸು ಬೇರೆಲ್ಲೋ ಹೋಗಿರುತ್ತದೆ.

ಎಲ್ಲಿಗೆ ಹೋಗುತ್ತದೆ ಅಂತಲೂ ಹೇಳುತ್ತೇನೆ. ಅಪ್ಪ ಹೋದ ವರ್ಷ ನನಗೆ ಯಾವ ಮಾತೂ ಕೇಳಲು ಆಗುತ್ತಿರಲಿಲ್ಲ. ಹಾಡು ಹಚ್ಚಿದರೂ, ಕಥೆ ಹಚ್ಚಿದರೂ, ಎರಡೇ ನಿಮಿಷಕ್ಕೆ ಆಸ್ಪತ್ರೆಯ ಆ ಓಣಿ, ಆ ಫಿನಾಯಿಲ್ ವಾಸನೆ. ಒಂದು ರಾತ್ರಿ ಏನೂ ತೋಚದೆ ಈ ವ್ಯಾನು ತೊಳೆಯುತ್ತಾ ಒಂದು ಚರಿತ್ರೆಯ ಕಂತು ಹಚ್ಚಿದೆ. ಕೊನೆಯವರೆಗೆ ಕೇಳಿದೆ. ಆರು ತಿಂಗಳಲ್ಲಿ ಮೊದಲ ಸಲ. ಅವತ್ತು ಅಳುವೂ ಬಂತು. ಇದನ್ನು ಚಟ ಅನ್ನುವವರಿಗೆ ಇದಕ್ಕಿಂತ ಹೆಚ್ಚು ಏನು ಹೇಳಲಿ?

ಎರಡು ಕೆಲಸ ಒಟ್ಟಿಗೆ ಮಾಡಿದರೆ ಎರಡೂ ಕೆಡುತ್ತವೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. 2019ರ ಡಿಸ್ಕೋ ಎಲಿಸಿಯಂ ಆಡುತ್ತಾ ಪಾಡ್‌ಕಾಸ್ಟ್ ಕೇಳಲು ನೋಡಿದ್ದೆ. ಇಡೀ ಆಟವೇ ಓದು ಮತ್ತು ಸಂಭಾಷಣೆ. ಅರ್ಧ ಗಂಟೆಯಲ್ಲಿ ಆಟವೂ ಹೋಯಿತು, ಕಂತೂ ಹೋಯಿತು. ಆದರೆ ಅದು ಹೋದದ್ದು ಎರಡೂ ಮಾತೇ ಆದ್ದರಿಂದ. ಬ್ಯಾಡ್ಲಿ ಮತ್ತು ಹಿಚ್ ಎಂಬ ಮನೋವಿಜ್ಞಾನಿಗಳು 1974ರಲ್ಲೇ ಇದನ್ನು ವಿವರಿಸಿದ್ದಾರೆ: ಆ ಹೊತ್ತಿನ ಕೆಲಸಕ್ಕೆ ಬೇಕಾದ್ದನ್ನು ಮನಸ್ಸು ಹಿಡಿದಿಡುವಾಗ, ಮಾತಿಗೆ ಒಂದು ಜಾಗ, ನೋಟಕ್ಕೆ ಇನ್ನೊಂದು ಜಾಗ. ಒಂದೇ ಜಾಗಕ್ಕೆ ಇಬ್ಬರು ನುಗ್ಗಿದರೆ ಜಗಳ, ಬೇರೆ ಬೇರೆ ಕೂತರೆ ಇಲ್ಲ. 2009ರಲ್ಲಿ ಜ್ಯಾಕಿ ಆಂಡ್ರೇಡ್ ಎಂಬ ಮನೋವಿಜ್ಞಾನಿ 40 ಜನರಿಗೆ ಒಂದು ಬೇಸರ ಬರಿಸುವ ಫೋನ್ ಸಂದೇಶ ಕೇಳಿಸಿದರು. ಅರ್ಧ ಜನರಿಗೆ ಕಾಗದದ ಮೇಲಿನ ಆಕಾರಗಳೊಳಗೆ ಪೆನ್ಸಿಲ್ ಗೀಚಿ ತುಂಬುತ್ತಾ ಕೇಳಲು ಹೇಳಿದ್ದರು. ಅವರೇ 29% ಹೆಚ್ಚು ನೆನಪಿಟ್ಟುಕೊಂಡಿದ್ದರು. ಅದು ಸಣ್ಣ ಪ್ರಯೋಗ, ಆದರೆ ನಮ್ಮ ಜಗಲಿ ಅದಕ್ಕಿಂತ ದೊಡ್ಡ ಪ್ರಯೋಗ.

ಹಾಗಾಗಿ ಪಾಡ್‌ಕಾಸ್ಟಿಗೆ ಯಾವ ಆಟ ಎಂದು ಕೇಳುವವರಿಗೆ 'ಸುಲಭದ್ದು' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಾತಿಲ್ಲದ್ದು ಬೇಕು. ಕೈಗೆ ನಿಜವಾದ ಕೆಲಸ ಕೊಡುವಂಥದ್ದು ಬೇಕು. ತೀರಾ ಸುಲಭವಾದರೆ ಮನಸ್ಸು ಮತ್ತೆ ಓಡುತ್ತದೆ. ನನ್ನ ಇನ್ನೊಂದು ಮೆಚ್ಚು ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರ ಆಟ, ಪ್ರಾಗ್‌ನವರು ಮಾಡಿದ್ದು, ಯೂರೋಪಿನ ರಸ್ತೆಗಳನ್ನು ಕುಗ್ಗಿಸಿ ಹಾಕಿದ್ದಾರೆ. ದಾರಿ ಹೇಳುವ ಹೆಂಗಸಿನ ದನಿಯನ್ನು ಮಾತ್ರ ಮೊದಲು ಬಂದ್ ಮಾಡಬೇಕು. ಆಮೇಲೆ ಕಡಿಮೆ ಬೆಳಕಿನ ಹೆದ್ದಾರಿ, ಗೇರು, ಮಳೆ ಒರೆಸುವ ವೈಪರು, ಕಿವಿಯಲ್ಲಿ ಯಾರದೋ ಮಾತು. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ರಾತ್ರಿ ಮನೆಗೆ ಬರುವಾಗ ಅಪ್ಪ ಕಾರಲ್ಲಿ ಹಚ್ಚುತ್ತಿದ್ದ ಕ್ಯಾಸೆಟ್ಟುಗಳ ನೆನಪಾಗುತ್ತದೆ. ಆ ತಿರುವುಗಳಲ್ಲಿ ಅವರ ಕೈ ಎಲ್ಲೂ ತಪ್ಪಿದ್ದಿಲ್ಲ, ಕಥೆಯೂ ತಪ್ಪಿದ್ದಿಲ್ಲ.

ಸ್ಟಾರ್ಡ್ಯೂ ವ್ಯಾಲಿಯಲ್ಲಿ ಗಿಡಕ್ಕೆ ನೀರು ಹಾಕುವವರೆಗೆ ಚಂದ, ಊರವರು ಮಾತಿಗೆ ಸಿಕ್ಕರೆ ಓದಬೇಕಾಗುತ್ತದೆ. ಮೈನ್‌ಕ್ರಾಫ್ಟಿನಲ್ಲಿ 'ಪೀಸ್‌ಫುಲ್' ಮಾಡಿಕೊಂಡು ಸುರಂಗ ತೋಡಿ, ಇಲ್ಲದಿದ್ದರೆ ಕತ್ತಲೆಯಲ್ಲಿ ಹಿಂದಿನಿಂದ ಏನಾದರೂ ಬಂದು ಎದೆ ಝಲ್ಲೆನ್ನಿಸಿ ಕಂತಿನ ಎಳೆ ಹರಿಯುತ್ತದೆ.

ನಿನ್ನೆ ರಾತ್ರಿ ನಾನು ದೊಡ್ಡಪ್ಪನಿಗೆ ಇದ್ಯಾವುದನ್ನೂ ಹೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಇನ್ನೊಂದು ಬುಟ್ಟಿ ಎಳೆದುಕೊಂಡೆ. ಶೇಣಿಯವರ ಕೃಷ್ಣ ಇನ್ನೂ ಕೌರವನ ಸಭೆಯಲ್ಲಿದ್ದ. ಕತ್ತಿಗೆ ಕಾಯಿ ಒತ್ತುತ್ತಾ ಪೂರ್ತಿ ಕೇಳಿದೆ. ಎದ್ದಾಗ ಬುಟ್ಟಿ ಖಾಲಿ ಆಗಿತ್ತು.

ಆಡುವವರು ಯಾರಾದರೂ ಇದ್ದರೆ ಹೇಳಿ: ಮಾತಿಲ್ಲದ, ಓದಿಲ್ಲದ, ನೆಟ್ ಇಲ್ಲದೆಯೂ ನಡೆಯುವ ಆಟ ಇನ್ನು ಯಾವುದಿದೆ? ನಮ್ಮಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ. ಕಂತುಗಳನ್ನು ಇಳಿಸಿಟ್ಟುಕೊಂಡಿದ್ದೇನೆ, ಹದಿನಾಲ್ಕು ಬಾಕಿ ಇವೆ.