ಗೊಂಬೆ ಬೀರುವಿನಲ್ಲಿದೆ

ನಮ್ಮ ಅತ್ತಿಗೆ ಎಎನ್‌ಎಂ, ಅಂದರೆ ಹೆರಿಗೆ ಮಾಡಿಸುವ ಸಹಾಯಕ ನರ್ಸ್. ಊರವರ ಬಾಯಲ್ಲಿ ಸಿಸ್ಟರಮ್ಮ. ಇಪ್ಪತ್ತೆರಡು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದಾರೆ. ಅವರ ಕೈಯಲ್ಲಿ ಹುಟ್ಟಿದವರ ಮಕ್ಕಳೂ ಈಗ ಅವರ ಕೈಗೇ ಬರುತ್ತಿವೆ.

ಆದರೆ ಕೈಯನ್ನು ಯಾರು ನಂಬುತ್ತಾರೆ? ಕಾಗದ ಬೇಕು. ನರ್ಸ್ ನೋಂದಣಿಯ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆ ಕಲಿತಿರಬೇಕು ಅಂತ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಒಳ್ಳೆಯದೇ. ಇಪ್ಪತ್ತು ವರ್ಷದ ಹಿಂದೆ ಓದಿದ್ದು ಹಳಸದೆ ಇರುತ್ತಾ?

ಮೊನ್ನೆ ತಾಲ್ಲೂಕಿನಲ್ಲಿ ತರಬೇತಿ ಇತ್ತು. ಗುರುವಾರ. ಲಸಿಕೆ ಹಾಕುವ ದಿನವೂ ಅದೇ. 'ಲಸಿಕೆ ನಿಲ್ಲಬಾರದು, ತರಬೇತಿ ತಪ್ಪಬಾರದು' ಅಂತ ಬೆಳಿಗ್ಗೆ ವಾಟ್ಸಾಪ್‌ ಬಂತು. ಒಬ್ಬರು ಇಬ್ಬರಾಗುವುದು ಹೇಗೆ ಅಂತ ಮಾತ್ರ ಯಾರೂ ಕಲಿಸಲಿಲ್ಲ.

ಹತ್ತಕ್ಕೆ ಶುರು ಅಂದಿದ್ದರು. ಸಾಹೇಬರು ಬಂದು ದೀಪ ಹಚ್ಚುವಾಗ ಹನ್ನೆರಡು. ಆ ಎರಡು ಗಂಟೆಯೂ ಕಲಿಕೆಯ ಲೆಕ್ಕಕ್ಕೇ ಬಿತ್ತು. ಪ್ರಾರ್ಥನೆ, ಸ್ವಾಗತ, ಹಾರ, ಫೋಟೊ, ಉಪ್ಪಿಟ್ಟು, ಕೇಸರಿಬಾತು. ಆಮೇಲೆ ಸ್ಲೈಡು. 'ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ರಕ್ತಸ್ರಾವ ತಡೆಯುವ ಮದ್ದು ಆಕ್ಸಿಟೋಸಿನ್ 10 ಯೂನಿಟ್ ಕೊಡಬೇಕು.' ಇದನ್ನು ಓದಿ ವಿವರಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ವಿವರಿಸಿದವರು ಲೇಬರ್ ವಾರ್ಡಿನ ಒಳಗೆ ಕಾಲಿಟ್ಟು ಎಷ್ಟು ಕಾಲವಾಯಿತೋ, ದೇವರಿಗೇ ಗೊತ್ತು.

'ಸಾರ್, ರಕ್ತಸ್ರಾವ ನಿಲ್ಲಿಸೋದನ್ನ ತರಬೇತಿ ಗೊಂಬೆ ಮೇಲೆ ಒಮ್ಮೆ ಮಾಡಿ ತೋರಿಸ್ತೀರಾ?' ಅಂತ ಅತ್ತಿಗೆ ಕೇಳಿದರು.

ಗೊಂಬೆ ಇದೆ. ಸ್ಟಾಕ್ ರಿಜಿಸ್ಟರಿನಲ್ಲಿ ನಂಬರೂ ಇದೆ. ಬೀರುವಿನಲ್ಲಿ ಭದ್ರವಾಗಿದೆ. ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದಾರೆ. ಗಾಜಿನಾಚೆ ಅದು ಕಾಣುತ್ತಿತ್ತು, ಪಾಪ. ಮೈಮೇಲಿನ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಲ್ಲ. 'ಬಳಸಿ ಹರಿದರೆ ಆಡಿಟ್‌ಗೆ ಯಾರಮ್ಮ ಉತ್ತರ ಕೊಡೋದು?' ಅಂದರು ಸಾರ್. ಅದೂ ನಿಜ ಅಲ್ವಾ. ಕೊನೆಗೆ ಗೊಂಬೆಯ ಫೋಟೊ ತೋರಿಸಿದರು. ನಲವತ್ತು ಜನ ತಲೆಯಾಡಿಸಿದರು. ಆ ತಲೆಯಾಡಿಸಿದ್ದರದ್ದೂ ಒಂದು ಫೋಟೊ ಆಯಿತು.

ಸಂಜೆ ಸರ್ಟಿಫಿಕೇಟ್ ಕೈಗೆ ಬಂತು. ಆರು ಗಂಟೆ ಜಮಾ.

ಅದೇ ರಾತ್ರಿ ಒಂದು ಕಷ್ಟದ ಹೆರಿಗೆ. ಮಗುವಿನ ಭುಜ ಸಿಕ್ಕಿಕೊಂಡಿತ್ತು. ಜೊತೆಗಿದ್ದ ಹೊಸ ಹುಡುಗಿಗೆ ಹೇಳಿಕೊಡುತ್ತಲೇ ಅತ್ತಿಗೆ ಬಿಡಿಸಿದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಾರನೇ ದಿನ ಆಫೀಸಿಗೆ ಹೋದಾಗ ತಮಾಷೆಗೆ ಕೇಳಿದರಂತೆ, 'ಆ ಹುಡುಗಿಗೆ ಇದನ್ನ ನಾಲ್ಕು ಗಂಟೆ ಅಂತ ಬರೆದುಕೊಡ್ತೀರಾ?'

ಗುಮಾಸ್ತರು ಗಂಭೀರವಾಗಿ ಕಡತ ತಿರುವಿ ನೋಡಿದರು.

'ಬರಲ್ಲ ಮೇಡಂ. ಅದರಲ್ಲಿ ಉದ್ಘಾಟನೆ ಇರಲಿಲ್ಲ.'