ಎರಡಡಿ ಚೌಕದ ಆಕಾಶ

ಗೃಹಪ್ರವೇಶಕ್ಕೆ ಹೋದವರು ಮೊದಲು ದೇವರಮನೆ ನೋಡುತ್ತಾರೆ, ಆಮೇಲೆ ಅಡುಗೆಮನೆ, ಕೊನೆಗೆ ಊಟದ ಎಲೆ. ನನ್ನ ಷಡ್ಡಕರ ಹೊಸ ಫ್ಲ್ಯಾಟಿನಲ್ಲಿ ಮಾತ್ರ ಹೊಸ್ತಿಲು ದಾಟಿದವರೆಲ್ಲ ಕತ್ತೆತ್ತಿ ನಿಂತುಬಿಡಬೇಕಿತ್ತು. "ಎಷ್ಟಿವೆ ಹೇಳಿ ನೋಡೋಣ" ಅಂದರು. ಹಾಲಿನಲ್ಲೇ ಹದಿನಾಲ್ಕರ ಹತ್ತಿರ ನನಗೆ ಲೆಕ್ಕ ತಪ್ಪಿತು, ಕುತ್ತಿಗೆ ಉಳುಕಿತು. ಒಟ್ಟು 46 ದೀಪ. ಎಲ್ಲವೂ ಚೌಕ. ಬಚ್ಚಲಲ್ಲಿ ಎರಡು, ಚಪ್ಪಲಿ ಬಿಡುವ ಜಾಗದಲ್ಲೇ ಮೂರು. ಆ ಬೆಳಕಿನಲ್ಲಿ ನನ್ನ ಚಪ್ಪಲಿಯ ಹೊಲಿಗೆ ಹಾಕಿಸಿದ ಜಾಗ ಊರಿಗೆಲ್ಲ ಕಾಣುತ್ತಿತ್ತು.

"ಗುಂಡು ಲೈಟ್ ಹಾಕಿಸಬಹುದಿತ್ತಲ್ಲ?" ಎಂದೆ.

"ರೌಂಡೆಲ್ಲ ಹಳೇದಾಯ್ತು. ಈಗೇನಿದ್ರೂ ಸ್ಕ್ವೇರು. ಡಿಸೈನರ್ರೇ ಹೇಳಿದ್ದು."

ಸೂರ್ಯ, ಚಂದ್ರ ಇಬ್ಬರೂ ಆ ಕ್ಷಣಕ್ಕೆ ಹಳಬರಾದರು. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಸಿಟಿ ಮಾರ್ಕೆಟ್ಟಿನಲ್ಲಿ ಬೀದಿದೀಪ ಹತ್ತಿತಲ್ಲ, ಆಗ ಅದರ ಮೂಲೆಗಳನ್ನು ಎಣಿಸುವಷ್ಟು ನಾಗರಿಕತೆ ನಮ್ಮವರಿಗೆ ಇನ್ನೂ ಬಂದಿರಲಿಲ್ಲ. ಪಾಪ, ಬೆಳಕು ಬಂತು ಅಂತಲೇ ಸಂತೋಷಪಟ್ಟರು.

ಗುಂಡು ದೀಪಕ್ಕೆ ದಿಕ್ಕಿಲ್ಲ. ಅದೇ ಅದರ ದೊಡ್ಡ ಗುಣ. ಡ್ರಿಲ್ಲಿಗೆ ಗುಂಡು ಗರಗಸ ಸಿಕ್ಕಿಸಿ ಸೀಲಿಂಗಿನ ಜಿಪ್ಸಮ್ ಬೋರ್ಡಿಗೆ ಒತ್ತಿದರೆ ಒಂದು ನಿಮಿಷಕ್ಕೆ ತೂತು ರೆಡಿ. ದೀಪವನ್ನು ಹೇಗೆ ತಿರುಗಿಸಿ ಕೂರಿಸಿದರೂ ಯಾರಪ್ಪನ ಗಂಟೂ ಹೋಗುವುದಿಲ್ಲ. ಚೌಕ ಹಾಗಲ್ಲ. ನಾಲ್ಕು ಕಡೆ ಕೈಯಲ್ಲಿ ಕೊಯ್ಯಬೇಕು, ನಾಲ್ಕು ಮೂಲೆ ಕೂಡಬೇಕು, ಗೋಡೆಗೆ ಸಮನಾಗಿ ಕೂರಬೇಕು. ಒಂದು ನೂಲು ಆಚೀಚೆಯಾದರೂ ಇಡೀ ಕೋಣೆ ವಾಲಿದ ಹಾಗೆ ಕಾಣುತ್ತದೆ. ಷಡ್ಡಕರ ಹಾಲ್ ಕೂಡ ಹಾಗೇ ಕಂಡಿತು. ಎಲೆಕ್ಟ್ರಿಷಿಯನ್ನನ್ನು ಬೈದರು. ಅವನು ಸುಮ್ಮನೆ ಹೋಗಿ ಗಾರೆಯವರ ಮೂಲೆಮಟ್ಟ ತಂದು ಹಿಡಿದ. ದೀಪ ಸರಿಯಾಗಿಯೇ ಇತ್ತು. ಸೊಟ್ಟ ಇದ್ದದ್ದು ಗೋಡೆ. ಬಿಲ್ಡರ್ ಪುಟ್ಟಿ ಮೆತ್ತಿ ಪೇಂಟ್ ಬಳಿದು ಮುಚ್ಚಿಟ್ಟಿದ್ದ ಸತ್ಯವನ್ನು ಆರಿಂಚಿನ ದೀಪವೊಂದು ಬಯಲು ಮಾಡಿತ್ತು.

ಈಗ ದೀಪವನ್ನು ಯಾವ ಗೋಡೆಗೆ ಹೊಂದಿಸುವುದು? ಟಿವಿ ಗೋಡೆಗೆ ಹೊಂದಿಸಿದರೆ ಬಾಲ್ಕನಿಗೆ ಸೊಟ್ಟ, ಬಾಲ್ಕನಿಗೆ ಹೊಂದಿಸಿದರೆ ಸೋಫಾಕ್ಕೆ ಮುನಿಸು. ಮೂರು ದಿನ ಪಂಚಾಯ್ತಿ ನಡೆಯಿತು. ಷಡ್ಡಕರು ನೆಲದ ಮೇಲೆ ಅಂಗಾತ ಮಲಗಿ, ಒಂದು ಕಣ್ಣು ಮುಚ್ಚಿ ಸೂರನ್ನೇ ದಿಟ್ಟಿಸುತ್ತಿದ್ದಾಗ ಎದುರುಮನೆಯವರು ಇಣುಕಿ ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದರಂತೆ. ಕೊನೆಗೆ ವಾಸ್ತುವಿನವರು ಬಂದರು. ವಾಸ್ತುಮಂಡಲವೇ ಚೌಕ, ಹಾಗಾಗಿ ಚೌಕವೇ ಶ್ರೇಷ್ಠ ಎಂದು ಡಿಸೈನರ್ ಮಾತಿಗೆ ಶಾಸ್ತ್ರದ ಮುದ್ರೆ ಒತ್ತಿದರು. ನಡುಮಧ್ಯೆ ಬ್ರಹ್ಮಸ್ಥಾನ, ಅಲ್ಲಿ ಭಾರ ಕೂಡದು ಎಂದೂ ಸೇರಿಸಿದರು. ಬ್ರಹ್ಮಸ್ಥಾನದಲ್ಲಿ ಆಗಲೇ ಫ್ಯಾನ್ ತಿರುಗುತ್ತಿತ್ತು. ಅವರಿಗೂ ಸೆಕೆಯಾಗಿತ್ತು, ಆ ವಿಷಯ ಎತ್ತಲಿಲ್ಲ.

ಆ ಫ್ಯಾನಿನದು ಇನ್ನೊಂದು ಕತೆ. ಫಾಲ್ಸ್ ಸೀಲಿಂಗ್ ಇಳಿಸಿದ ಮೇಲೆ ಒಂಬತ್ತೂವರೆ ಅಡಿಯ ಮನೆ ಎಂಟೂಮುಕ್ಕಾಲು ಅಡಿಗೆ ಬಂದಿದೆ. ದೀಪಗಳೆಲ್ಲ ರೆಕ್ಕೆಗಳ ಮೇಲೆ. ಫ್ಯಾನ್ ಹಾಕಿದರೆ ಬೆಳಕು ರೆಕ್ಕೆಗೆ ಸಿಕ್ಕಿ, ಟೆಂಟ್ ಸಿನಿಮಾದಲ್ಲಿ ರೀಲು ತೊದಲಿದ ಹಾಗೆ ಪಟಪಟ ಅನ್ನುತ್ತದೆ. ಎತ್ತಿದ ತುತ್ತು ಕಂತುಕಂತಾಗಿ ಬಾಯಿಗೆ ಬರುತ್ತದೆ. ಹೀಗಾಗಿ ಆ ಮನೆಯಲ್ಲಿ ನೆಂಟರಿಗೆ ಕಾಫಿಯೋ ಟೀಯೋ ಎಂದು ಕೇಳುವ ಮೊದಲು ಗಾಳಿಯೋ ಬೆಳಕೋ ಎಂದು ಕೇಳುತ್ತಾರೆ.

ಬಣ್ಣದ ವಿಚಾರ ಕೇಳಿದರೆ ತಲೆ ತಿರುಗುತ್ತದೆ. ಅದನ್ನೂ ಶಾಖದ ಹಾಗೆ ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಬೆಚ್ಚಗಿನ ಹಳದಿ ಬೆಳಕಿಗೆ 3000 ಕೆಲ್ವಿನ್, ತಣ್ಣಗಿನ ಬಿಳಿಗೆ 6500. ಅಂಕಿ ಏರಿದಷ್ಟೂ ಬೆಳಕು ತಣ್ಣಗಂತೆ. ನಾವು ಚಿಕ್ಕವರಿದ್ದಾಗ ನಲವತ್ತು ಕ್ಯಾಂಡಲ್ ಬಲ್ಬಿನ ಹಳದಿ ಬೆಳಕು ಬಡತನದ ಗುರುತು. ಟ್ಯೂಬ್‌ಲೈಟ್ ಬಂದ ಮನೆಯೇ ಸಾಹುಕಾರರ ಮನೆ. ಈಗ ಅದೇ ಹಳದಿಯನ್ನು ವಾರ್ಮ್ ವೈಟ್ ಎಂದು ಹೆಸರಿಟ್ಟು ದುಬಾರಿ ಬೆಲೆಗೆ ಸೀಲಿಂಗಿನ ಸಂದಿಯಲ್ಲಿ ಬಚ್ಚಿಟ್ಟು ಉರಿಸುತ್ತಾರೆ. ಇಷ್ಟೆಲ್ಲ ಉರಿಸಿಯೂ ಗೃಹಜ್ಯೋತಿಯ 200 ಯೂನಿಟ್ ದಾಟಬಾರದು ಎಂದು ಷಡ್ಡಕರು ಸಂಜೆ ಹೊತ್ತು ಒಂದೇ ಒಂದು ದೀಪ ಹಾಕಿಕೊಂಡು ಕೂರುತ್ತಾರೆ. ಉಳಿದ 45 ನೆಂಟರಿಗೆ.

ನಿಜ ಹೇಳಬೇಕೆಂದರೆ ಈ ಚೌಕ ಮನೆಯದ್ದೇ ಅಲ್ಲ, ಆಫೀಸಿನದು. ಎರಡಡಿಗೆ ಎರಡಡಿ ಚೌಕ ಹಲಗೆಗಳ ಸೀಲಿಂಗಿನಲ್ಲಿ ಒಂದು ಹಲಗೆ ತೆಗೆದು ಅದೇ ಅಳತೆಯ ಪ್ಯಾನಲ್ ಕೂರಿಸುವುದು ಅಲ್ಲಿನ ಅನುಕೂಲ. ಷಡ್ಡಕರು ಹಗಲೆಲ್ಲ ಐಟಿ ಪಾರ್ಕಿನ ಚೌಕದ ಕೆಳಗೆ ಕೂತು, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬೆಂದು, ಮನೆಯ ಚೌಕದ ಕೆಳಗೆ ಬಂದು ಬೀಳುತ್ತಾರೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಹೆಂಡತಿಗೆ "ಮೀಟಿಂಗ್ ನಾಳೆಗೆ ಹಾಕಿ ಮೇಡಂ" ಎಂದರೆ ತಪ್ಪು ಯಾರದ್ದು?

ಇನ್ನೊಂದು ಉಂಟು. ಪ್ರತಿ ಚೌಕದ ಹಿಂದೆ, ಸೀಲಿಂಗಿನ ಮೇಲೆ, ಯಾರಿಗೂ ಕಾಣದ ಹಾಗೆ ಒಂದು ಡಬ್ಬಿ ಇರುತ್ತದೆ. 230 ವೋಲ್ಟಿನ ಕರೆಂಟನ್ನು ಎಲ್‌ಇಡಿಗೆ ತಕ್ಕ ಹಾಗೆ ಇಳಿಸಿ ಕೊಡುವುದು ಅದರ ಕೆಲಸ. ಅದರ ಹೆಸರು ಡ್ರೈವರ್. ದೀಪ ಆರಿತು ಅಂದರೆ ಬಹಳ ಸಲ ಹೋಗಿರುವುದು ದೀಪವಲ್ಲ, ಈ ಡ್ರೈವರ್.

ಮನೆಯ ಶಿಖರಪ್ರಾಯವೆಂದರೆ ಊಟದ ಮೇಜಿನ ಮೇಲಿನ ಪ್ಯಾನಲ್. ಎರಡಡಿ ಚೌಕದಲ್ಲಿ ನೀಲಿ ಆಕಾಶ, ಬಿಳಿ ಮೋಡ, ಅಂಚಿನಲ್ಲಿ ಯಾವ ದೇಶದ್ದೋ ಹೂಬಿಟ್ಟ ಕೊಂಬೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ತೋರಿಸುತ್ತಾರಲ್ಲ, ಅದೇ ಆಕಾಶ.

ನಮ್ಮ ಅತ್ತೆಯವರು ಹಾಸನದ ಕಡೆಯವರು, ತೊಟ್ಟಿಮನೆಯಲ್ಲಿ ಬೆಳೆದವರು. ನಾಲ್ಕು ಕಡೆಯ ಹೆಂಚು ಒಳಕ್ಕೆ ಇಳಿದು, ನಡುವೆ ಚೌಕಾಕಾರದ ಬಯಲು. ಹಗಲು ಬಿಸಿಲು, ರಾತ್ರಿ ನಕ್ಷತ್ರ, ಮಳೆಗಾಲದಲ್ಲಿ ಸೂರಿನ ಕೆಳಗೆ ಹಂಡೆ ಇಟ್ಟರೆ ನೀರು. ಕಳ್ಳರ ಭಯಕ್ಕೆಂದು ಆ ತೊಟ್ಟಿಗೆ ಶೀಟು ಹೊದಿಸಿ, ಕತ್ತಲಾಯಿತೆಂದು ಅದರಡಿ ಟ್ಯೂಬ್‌ಲೈಟ್ ಹಾಕಿಸಿದವರೂ ಅವರ ತಮ್ಮಂದಿರೇ. ಅತ್ತೆ ಊಟದ ಮೇಜಿನ ಬಳಿ ನಿಂತು ಬಹಳ ಹೊತ್ತು ಮೇಲೆ ನೋಡಿದರು.

"ಇದೂ ತೊಟ್ಟಿನೇ ಅನ್ನಿ. ಮಳೆ ಬಂದ್ರೆ ಏನ್ ಮಾಡ್ತೀರಾ ಅಳಿಯಂದಿರೇ?"

"ಮಳೆ ಬರಲ್ಲ ಅತ್ತೆ, ಅದು ಫೋಟೋ."

"ಮತ್ತೆ ಬಿಸಿಲು?"

"ಅದಕ್ಕೆ ರಿಮೋಟ್ ಇದೆ."

ಎರಡನೇ ತಿಂಗಳಿಗೆ ಮಳೆ ಬಂತು. ಮೇಲಿನ ಫ್ಲ್ಯಾಟಿನವರ ಬಚ್ಚಲು ಸೋರಿ, ಜಿಪ್ಸಮ್ ಬೋರ್ಡು ನೆನೆದು ಹಪ್ಪಳವಾಗಿ, ಒಂದು ಭಾನುವಾರ ಬಿಳಿ ಮೋಡದ ಸರಿಯಾಗಿ ನಡುವಿನಿಂದ ತೊಟತೊಟ ಶುರುವಾಯಿತು. ಷಡ್ಡಕರು ಮೇನ್ ಸ್ವಿಚ್ ಹುಡುಕಲು ಓಡಿದರು. ಅತ್ತೆ ಮಾತ್ರ ಗಾಬರಿಯಾಗದೆ ಅಡುಗೆಮನೆಯಿಂದ ದೊಡ್ಡ ಪಾತ್ರೆ ತಂದು ಆಕಾಶದ ಕೆಳಗೆ ಇಟ್ಟರು. ಎಲೆಕ್ಟ್ರಿಷಿಯನ್ ಬಂದು, ಏಣಿ ಹತ್ತಿ, ತೂತಿನೊಳಗೆ ಕೈ ಹಾಕಿ ತಡವಿ ನೋಡಿದ.

"ಸಾರ್, ಡ್ರೈವರ್ ಪೂರ್ತಿ ನೆಂದೋಗಿದೆ."

"ಅಯ್ಯೋ ಪಾಪ," ಎಂದರು ಅತ್ತೆ, "ಹೊರಗ್ಯಾಕೆ ನಿಲ್ಲಿಸಿದ್ದೀರಿ? ಒಳಗೆ ಕರೀರಿ, ಒಂದು ಟವೆಲ್ ಕೊಡೋಣ."